ಪರದೆ ಇಲ್ಲದ ಕಂಪ್ಯೂಟರ್

ನನ್ನ ಅಣ್ಣನ ಕಂಪ್ಯೂಟರಿಗೆ ಪರದೆ ಇರಲಿಲ್ಲ. ಕೊಂಡಾಗ ಇತ್ತು. ಕೆಲವು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದು, ಆಮೇಲೆ "ನಂಗ್ಯಾಕೆ ಇದು, ಜಾಗಕ್ಕೆ ದಂಡ" ಎಂದು ತಾನೇ ತಂತಿ ಬಿಚ್ಚಿ ನನಗೆ ಕೊಟ್ಟುಬಿಟ್ಟ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಎರಡೂ ಕಣ್ಣುಗಳನ್ನು ತೆಗೆದುಕೊಂಡು ಹೋಗಿತ್ತು. ನಾನು ಹುಟ್ಟುವ ಹೊತ್ತಿಗಾಗಲೇ ಅವನು ಗೋಡೆ ಸವರಿಕೊಂಡು ಓಡಾಡುವುದನ್ನು ಕಲಿತಿದ್ದ. ಆದ್ದರಿಂದ ಅಣ್ಣ ಎಂದರೆ ಕಣ್ಣು ಕಾಣದವನು ಎನ್ನುವುದು ನನಗೆ ದುಃಖದ ಸಂಗತಿಯಾಗಿ ಯಾವತ್ತೂ ತೋರಿರಲಿಲ್ಲ. ಅಣ್ಣಂದಿರು ಇರುವುದೇ ಹಾಗೆ ಎಂದು ಎಷ್ಟೋ ವರ್ಷ ನಂಬಿದ್ದೆ.

ಅವನ ಕಂಪ್ಯೂಟರ್ ಮಾತನಾಡುತ್ತಿತ್ತು. ಯಾವ ಕೀಲಿ ಒತ್ತಿದರೂ ಅದರ ಹೆಸರು ಹೇಳುತ್ತಿತ್ತು, ಯಾವ ಪುಟ ತೆರೆದರೂ ಓದುತ್ತಿತ್ತು. ಕನ್ನಡ ಓದುವ ದನಿಯಂತೂ ಮೂಗು ಕಟ್ಟಿದ ಮೇಷ್ಟರ ದನಿಯ ಹಾಗಿತ್ತು. ಅಣ್ಣ ಅದನ್ನು ಎಷ್ಟು ವೇಗವಾಗಿ ಓಡಿಸುತ್ತಿದ್ದನೆಂದರೆ, ಪಕ್ಕದಲ್ಲಿ ಕೂತ ನನಗೆ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಎನ್ನುವುದಷ್ಟೇ ಕೇಳುತ್ತಿತ್ತು. ಅವನು ಮಾತ್ರ ನಡುನಡುವೆ ನಗುತ್ತಿದ್ದ, ಒಮ್ಮೊಮ್ಮೆ ಕಣ್ಣು ಒರೆಸಿಕೊಳ್ಳುತ್ತಿದ್ದ. ಹಾಗೆ ಅವನು ಕೇಳಿ ಮುಗಿಸಿದ ಪುಸ್ತಕಗಳನ್ನು ನಾನು ಕಣ್ಣಿದ್ದೂ ಓದಿಲ್ಲ.

ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಅವನು ಟೆಲಿಫೋನ್ ಆಪರೇಟರ್ ಆಗಿದ್ದ. ಕಾರ್ಖಾನೆಯ ಎಲ್ಲರನ್ನೂ ದನಿಯಿಂದ ಗುರುತಿಸುತ್ತಿದ್ದ. ಯಾರಿಗೆ ನೆಗಡಿ, ಯಾರು ಬೆಳಿಗ್ಗೆ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ ಎನ್ನುವುದನ್ನು "ಹಲೋ" ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದ. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಆ ಕೆಲಸ ಬಿಟ್ಟ. ಯಾಕೆ ಎಂದು ಕೇಳಿದ್ದಕ್ಕೆ, "ಎಲ್ಲರ ಕೈಲೂ ಮೊಬೈಲ್ ಇದೆ. ಬೋರ್ಡೇ ತೆಗೀತಾ ಇದಾರೆ" ಅಂದ. ನಾವು ನಂಬಿದೆವು.

ಕಂಪ್ಯೂಟರ್ ರಿಪೇರಿ ಅವನಿಗೆ ಯಾರೂ ಕಲಿಸಿದ್ದಲ್ಲ. ಒಂದು ಸಲ ಅಂಗಡಿಯವನು ಬಂದು ಅದನ್ನು ಬಿಚ್ಚುವಾಗ ಇವನೂ ಪಕ್ಕದಲ್ಲಿ ಕೂತು ಒಂದೊಂದು ಭಾಗವನ್ನೂ ಮುಟ್ಟಿ ನೋಡಿದ್ದನಂತೆ, ಅಷ್ಟೇ. ಹೆಬ್ಬಾಳದ ನನ್ನ ಆಫೀಸಿನಲ್ಲಿ ಕಂಪ್ಯೂಟರ್ ಕೈಕೊಟ್ಟರೆ ನಾನು ಮೊದಲು ಫೋನ್ ಮಾಡುತ್ತಿದ್ದದ್ದು ಅವನಿಗೆ.

"ಪ್ಲಗ್ ನೋಡಿದ್ಯಾ?"

"ನೋಡ್ದೆ ಕಣೋ."

"ಕಣ್ಣಲ್ಲಿ ನೋಡ್ಬೇಡ, ಕೈಯಲ್ಲಿ ಒತ್ತಿ ನೋಡು. ಫ್ಯಾನ್ ತಿರುಗ್ತಿದ್ಯಾ? ಫೋನು ಕಂಪ್ಯೂಟರ್ ಡಬ್ಬದ ಹತ್ರ ಹಿಡಿ. ಹೂಂ, ಬೀಪ್ ಹೊಡೀತಿದೆ. ಒಳಗೆ ರ‍್ಯಾಮ್ ಅಂತ ಒಂದು ಪಟ್ಟಿ ಇರುತ್ತಲ್ಲ, ಅದನ್ನ ತೆಗೆದು ಅದರ ತಗಡಿನ ಅಂಚಿಗೆ ರಬ್ಬರ್ ಉಜ್ಜಿ ಹಾಕು. ಎರಡೂ ಕಡೆ ಟಕ್ ಅನ್ಬೇಕು."

ಹೀಗೆ ತಣಿಸಂದ್ರದ ತನ್ನ ಮನೆಯಲ್ಲಿ ಕೂತು ಅವನು ನನ್ನ ಆಫೀಸಿನ ಎಷ್ಟೋ ಕಂಪ್ಯೂಟರುಗಳನ್ನು ಎಬ್ಬಿಸಿದ್ದಾನೆ. ಒಂದೊಂದೇ ತೆಗೆದು ನೋಡಬೇಕು, ಎಲ್ಲಕ್ಕೂ ಒಟ್ಟಿಗೆ ಕೈ ಹಾಕಬಾರದು ಎನ್ನುವುದು ಅವನ ಕ್ರಮ.

ಆದ್ದರಿಂದ ಅವತ್ತು ಬೆಳಿಗ್ಗೆ ಅವನೇ ನನಗೆ ಫೋನ್ ಮಾಡಿ "ಕಂಪ್ಯೂಟರ್ ಏಳ್ತಿಲ್ಲ ಕಣೇ" ಅಂದಾಗ ನನಗೆ ನಗು ಬಂತು. ನೆಗಡಿ ಎಂದು ಹಿಂದಿನ ಮೂರ್ನಾಲ್ಕು ದಿನ ಮಲಗಿದ್ದವನು ಅವತ್ತು ಎದ್ದು ಸ್ವಿಚ್ ಹಾಕಿದ್ದ. ಅತ್ತಿಗೆ ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗುವವರು, ಆಗಲೇ ಹೊರಟುಹೋಗಿದ್ದರು.

"ಪ್ಲಗ್ ನೋಡಿದ್ಯಾ?" ಎಂದು ಅವನ ಮಾತನ್ನೇ ಅವನಿಗೆ ಹಿಂತಿರುಗಿಸಿದೆ.

"ಏನು? ಜೋರಾಗಿ ಹೇಳೇ, ನೆಟ್‌ವರ್ಕ್ ಸರಿ ಇಲ್ಲ."

ಜೋರಾಗಿ ಹೇಳಿದೆ.

"ಎಲ್ಲಾ ನೋಡ್ದೆ. ವೈರ್ ಬದಲಾಯಿಸ್ದೆ. ಬೇರೆ ಸಾಕೆಟ್ಟಿಗೆ ಹಾಕ್ದೆ. ಹಿಂದ್ಗಡೆ ಕೈ ಇಟ್ರೆ ಗಾಳಿ ಬರ್ತಿದೆ, ಅಂದ್ರೆ ಫ್ಯಾನ್ ತಿರುಗ್ತಿದೆ, ಕರೆಂಟ್ ಬರ್ತಿದೆ. ರ‍್ಯಾಮ್ ತೆಗೆದು ಉಜ್ಜಿ ಹಾಕ್ದೆ. ಒಂದು ಬೀಪ್ ಕೂಡ ಇಲ್ಲ. ಬೀಪೂ ಇಲ್ಲ ಅಂದ್ರೆ ಬೋರ್ಡೇ ಹೋಗಿರ್ಬೇಕು. ಒಂದ್ಸಲ ಪರದೆ ಹಾಕಿ ನೋಡಿದ್ರೆ ಗೊತ್ತಾಗುತ್ತೆ. ನಿನ್ಹತ್ರ ಇದೆಯಲ್ಲ, ತಗೊಂಬಾ."

ಮಧ್ಯಾಹ್ನಕ್ಕೆ ರಜೆ ಬರೆದುಕೊಟ್ಟು, ಸಂಜಯನಗರದ ಮನೆಗೆ ಹೋಗಿ, ಹಳೆಯ ಪರದೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೊ ಹತ್ತಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತಲ್ಲೇ ನಿಂತಿದ್ದವು. ಪರದೆಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡು, ಬೋರ್ಡ್ ಹೋಗಿದ್ದರೆ ಇವನಿಗೆ ಈ ವಾರವೇ ಹೊಸದು ಕೊಡಿಸಬೇಕು, ಪುಸ್ತಕವಿಲ್ಲದೆ ಇವನು ಹೊತ್ತು ಹೇಗೆ ಕಳೆಯುತ್ತಾನೆ ಎಂದುಕೊಂಡೆ. ಅವತ್ತಿನ ನನ್ನ ಚಿಂತೆಯೆಲ್ಲ ಅಷ್ಟೇ ಆಗಿತ್ತು.

ಅಣ್ಣ ಬಾಡಿಗೆಗೆ ಇದ್ದದ್ದು ಮೊದಲನೇ ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ. ವಯಸ್ಸಾದ ಮುಸ್ಲಿಂ ಹೆಂಗಸು, ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ಬಾಗಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದ ಅವರು ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದರು.

"ಏನಮ್ಮಾ, ಟೀವಿ ತಂದಿದ್ದೀಯಾ?"

"ಇಲ್ಲ ಆಂಟಿ. ಅಣ್ಣನ ಕಂಪ್ಯೂಟರ್ ಕೆಟ್ಟಿದೆಯಂತೆ. ಆನ್ ಆಗ್ತಿಲ್ವಂತೆ."

"ಅರೆ, ಯಾರು ಹೇಳಿದ್ದು?" ಅವರು ಅಕ್ಕಿಯಿಂದ ಕೈ ತೆಗೆದರು. "ಬೆಳಗಿಂದ ಒಂದೇ ಸಮ ಮಾತಾಡ್ತಾ ಅದೆ. ನಮಗೆ ಇಲ್ಲೀವರೆಗೂ ಕೇಳ್ತದೆ."

ನಾನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ನಿಂತೆ. ಮೇಲಿನಿಂದ ಆ ಮೂಗು ಕಟ್ಟಿದ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಅಕ್ಷರ, ಇನ್ನೊಂದು ಅಕ್ಷರ, ಮತ್ತೆ ಅದೇ ಅಕ್ಷರ. ಯಾರೋ ಅವೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತುತ್ತಿದ್ದಂತಿತ್ತು.

ಸರಿಯಾಗಿರಬೇಕು, ಅಷ್ಟರಲ್ಲಿ ತಾನೇ ಸರಿಮಾಡಿಕೊಂಡಿರಬೇಕು ಎಂದುಕೊಂಡು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಅಣ್ಣ ಮೇಜಿನ ಮುಂದೆ ಕೂತಿದ್ದ. ಕಂಪ್ಯೂಟರಿನ ಡಬ್ಬದ ಪಕ್ಕದ ತಗಡನ್ನು ಬಿಚ್ಚಿ ಕೆಳಗಿಟ್ಟಿದ್ದ, ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿದ್ದ. ಎಡಗೈಯನ್ನು ಡಬ್ಬದ ಮೇಲಿಟ್ಟು ಬಲಗೈಯಿಂದ ಕೀಲಿ ಒತ್ತುತ್ತಿದ್ದ. ಒತ್ತಿದಾಗಲೆಲ್ಲ ಎರಡೂ ಸ್ಪೀಕರುಗಳು ಅಕ್ಷರದ ಹೆಸರನ್ನು ಕೂಗುತ್ತಿದ್ದವು. ಕಿವಿಗೆ ಬಡಿಯುವಷ್ಟು ಜೋರಾಗಿ ಕೂಗುತ್ತಿದ್ದವು. ಅಣ್ಣ ಪ್ರತಿ ಸಲ ಒತ್ತಿ, ತಲೆ ಓರೆ ಮಾಡಿ, ಕಾಯುತ್ತಿದ್ದ.

ನಾನು ಬಂದದ್ದು ಅವನಿಗೆ ತಿಳಿಯಲಿಲ್ಲ. ಕೆಳಗಿನ ಗೇಟು ತೆಗೆದ ಸದ್ದಿನಲ್ಲೇ ಬಂದವರು ಯಾರೆಂದು ಹೇಳುತ್ತಿದ್ದವನು ಅವನು.

ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ತೋಳು ಸೋತು ಪರದೆಯನ್ನು ಮಂಚದ ಮೇಲಿಟ್ಟೆ. ಹತ್ತಿರ ಹೋಗಿ ಅವನ ಭುಜ ಮುಟ್ಟಿದೆ. ಬೆಚ್ಚಿಬಿದ್ದ.

"ಯಾರು?"

ನನ್ನನ್ನು ಅವನು ಯಾರು ಎಂದು ಕೇಳಿದ್ದು ಅದೇ ಮೊದಲು. "ನಾನು ಕಣೋ" ಅಂದೆ. ಅವನು ಮುಖ ಎತ್ತಿಕೊಂಡೇ ಇದ್ದ. ಅವನು ಫೋನ್ ಹಿಡಿಯುವ ಬಲಗಿವಿಗೇ ಬಾಯಿ ಇಟ್ಟು ಕೂಗಿದೆ.

"ಓ, ಬಂದ್ಯಾ? ನೋಡು, ಪೂರ್ತಿ ಸತ್ತು ಮಲಗಿದೆ."

ಸ್ಪೀಕರ್ ಅವನ ಬೆರಳ ಕೆಳಗಿನ ಅಕ್ಷರವನ್ನು ಇನ್ನೊಮ್ಮೆ ಹೇಳಿತು.

ಅವನು ಹೇಳಿದ್ದನ್ನು ಮಾಡಿದೆ. ಪರದೆಯ ತಂತಿಯನ್ನು ಡಬ್ಬದ ಹಿಂದೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಪರದೆ ಬೆಳಗಿತು. ಬಿಳಿ ಹಾಳೆಯೊಂದು ತೆರೆದಿತ್ತು. ಅದರ ತುಂಬ ಅವನು ಬೆಳಗಿನಿಂದ ಒತ್ತಿದ ಅಕ್ಷರಗಳು ಸಾಲುಸಾಲಾಗಿ ಬಿದ್ದಿದ್ದವು.

"ಏನ್ ಬಂದಿದೆ?" ಅಂದ.

ಅವನ ಕಿವಿಯಲ್ಲಿ, "ಪರದೆ ಸರಿಯಾಗಿ ಬರ್ತಿದೆ ಅಣ್ಣ" ಅಂದೆ.

"ಹೌದಾ? ಹಾಗಾದ್ರೆ ಬೋರ್ಡ್ ಚೆನ್ನಾಗಿದೆ." ಅವನ ಮುಖ ಅರಳಿತು. "ಸೌಂಡ್ ಮಾತ್ರ ಹೋಗಿದೆ. ಕೆಳಗೆ ಬಲಗಡೆ ಮೂಲೇಲಿ ಸ್ಪೀಕರ್ ಗುರುತು ಇರುತ್ತೆ, ಅದರ ಮೇಲೆ ಗೀಟು ಬಿದ್ದಿದ್ಯಾ ನೋಡು."

"ಬಿದ್ದಿಲ್ಲ."

"ಪೂರ್ತಿ ಏರಿಸಿದ್ಯಾ?"

"ಪೂರ್ತಿ ಇದೆ."

"ಹಾಗಾದ್ರೆ ಸ್ಪೀಕರ್ ಹೋಗಿರ್ಬೇಕು. ಅದು ಹಳೇದು. ಇಲ್ಲಾ ಅಂದ್ರೆ ವೈರು. ಹಿಂದ್ಗಡೆ ಹಸಿರು ತೂತಲ್ಲಿ ಇದೆಯಾ?"

"ಇದೆ."

ಒಂದೊಂದೇ ತೆಗೆದು ನೋಡುವ ಕ್ರಮದಲ್ಲಿ ತೆಗೆದು ನೋಡಲು ಇನ್ನೇನು ಉಳಿದಿದೆ ಎಂದು ಅವನು ಯೋಚಿಸುತ್ತಿದ್ದ. ಅವನ ಬಾಯಿಂದ ಇನ್ನೊಂದು ಕಾರಣ ಬರಲಿ, ಇನ್ನೊಂದು ತಂತಿಯ ಹೆಸರು ಬರಲಿ ಎಂದು ನಾನೂ ಕಾಯುತ್ತಿದ್ದೆ. ಬರಲಿಲ್ಲ. ಕೊನೆಗೆ ಅವನ ಬಲಗೈಯನ್ನು ಹಿಡಿದುಕೊಂಡು ಹೋಗಿ ಸ್ಪೀಕರಿನ ಮುಖದ ಮೇಲಿಟ್ಟೆ. ಕೀಬೋರ್ಡಿನಲ್ಲಿ ಅವನು ಯಾವಾಗಲೂ ಒತ್ತುವ ಕೀಲಿಯನ್ನು ಒತ್ತಿ, ಆ ಹಾಳೆಯನ್ನು ಓದುವುದಕ್ಕೆ ಬಿಟ್ಟೆ.

ಸ್ಪೀಕರಿನ ಜಾಲರಿ ಅವನ ಬೆರಳುಗಳ ಕೆಳಗೆ ಗುರುಗುಟ್ಟಿತು. ಅವನು ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ತಂದು ಇನ್ನೊಂದು ಸ್ಪೀಕರಿನ ಮೇಲಿಟ್ಟ. ದನಿ ಓದಿ ನಿಂತಿತು. ಅವನ ಕೈಗಳಿಗೂ ಅದು ನಿಂತದ್ದು ಗೊತ್ತಾಯಿತು.

"ಕಂಪ್ಯೂಟರ್ ಸರಿಯಾಗೇ ಇದೆ" ಅಂದ. ಆಮೇಲೆ ಇನ್ನೂ ಮೆಲ್ಲಗೆ, "ಸದ್ಯ" ಅಂದ.

ಆ "ಸದ್ಯ" ಎಂಬ ಮಾತನ್ನು ಅವನು ಯಾಕೆ ಆಡಿದನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅವನ ಬೆನ್ನ ಹಿಂದೆ ನಿಂತು ಅತ್ತೆ. ಅಳುವ ಸದ್ದು ಅವನಿಗೆ ಕೇಳಬಾರದು ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕೇಳುವುದಿಲ್ಲ ಎಂದು ಹೊಳೆದದ್ದು ಒಂದು ಕ್ಷಣ ಕಳೆದ ಮೇಲೆ.

ಅತ್ತಿಗೆಗೆ ಫೋನ್ ಮಾಡಿ ಕರೆಸಿದೆ. ಅವರು ಬಂದು, ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು.

"ಹಾಗಾದ್ರೆ ಕೋಪ ಅಲ್ವಾ?" ಅಂದರು.

"ಯಾವ ಕೋಪ ಅತ್ತಿಗೆ?"

"ಎಷ್ಟು ತಿಂಗಳಾಯ್ತು ಗೊತ್ತಾ? ಮಾತಾಡಿಸಿದ್ರೆ ಉತ್ತರ ಇಲ್ಲ. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾರೆ. ಕೆಲಸ ಬಿಟ್ಟು ಮನೇಲಿ ಕೂತಿದ್ದಕ್ಕೆ ನನ್ಮೇಲೆ ಸಿಟ್ಟು ತೀರಿಸ್ಕೋತಿದಾರೆ ಅನ್ಕೊಂಡೆ. ನಾನೂ ಮಾತು ಬಿಟ್ಟೆ. ಊಟಕ್ಕೆ ತಟ್ಟೆ ಕುಕ್ಕಿ ಬಂದಿದ್ದೀನಿ ಎಷ್ಟೋ ಸಲ." ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. "ಕುಕ್ಕಿದ್ದೂ ಕೇಳಿಸಿರಲ್ಲ ಬಿಡು."

ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಗೆ ಅವತ್ತೇ ಕರೆದುಕೊಂಡು ಹೋದೆವು. ವೈದ್ಯೆ ಚಿಕ್ಕ ವಯಸ್ಸಿನವರು, ತಾಳ್ಮೆಯಿದ್ದವರು. ಅಣ್ಣನ ಬಲಗಿವಿಯ ಹತ್ತಿರ ಬಂದು ತಾವೇ ಜೋರಾಗಿ ಕೇಳಿದರು. "ಎಡಗಿವಿ ಯಾವಾಗಿಂದ ಕೇಳಿಸ್ತಿಲ್ಲ ಸಾರ್?"

ಎಡಗಿವಿಯ ವಿಷಯ ನಮಗೆ ಗೊತ್ತೇ ಇರಲಿಲ್ಲ.

"ಅದು ಹೋಗಿ ಎರಡು ವರ್ಷದ ಮೇಲಾಯ್ತು" ಅಂದ ಅಣ್ಣ. "ಬಲಗಡೇದು ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಾ ಇತ್ತು. ಕೆಲಸದಲ್ಲಿ ತಪ್ಪು ತಪ್ಪಾಗಿ ಲೈನ್ ಕೊಡೋಕೆ ಶುರು ಮಾಡ್ದೆ. ಯಾರಾದ್ರೂ ಕಂಡುಹಿಡಿಯೋಕೆ ಮುಂಚೆ ಬಿಟ್ಬಿಟ್ಟೆ."

"ನಮ್ಗ್ಯಾಕ್ರೀ ಹೇಳ್ಲಿಲ್ಲ?" ಅತ್ತಿಗೆ ಕೇಳಿದರು. ಅವರು ಮಾಮೂಲಿ ದನಿಯಲ್ಲೇ ಕೇಳಿದ್ದರಿಂದ ಅವನಿಗೆ ಕೇಳಿಸಲಿಲ್ಲ. ಅವನು ತನ್ನ ಪಾಡಿಗೆ ವೈದ್ಯೆಗೆ ಹೇಳುತ್ತಲೇ ಇದ್ದ.

"ಕಣ್ಣಿಲ್ಲದವನು ಅಂತ ಕೆಲಸ ಕೊಟ್ಟಿದ್ರು ಮೇಡಂ. ಕಿವೀನೂ ಇಲ್ಲ ಅಂದ್ರೆ ಏನಂತ ಇಟ್ಕೊಳ್ತಾರೆ?"

ವೈದ್ಯೆ ಬರೆಯುವುದನ್ನು ನಿಲ್ಲಿಸಿದರು.

ಕಿವಿಯ ನರದ ತೊಂದರೆ, ಈಗಿನದು ನೆಗಡಿಯ ನೆಪದಲ್ಲಿ ಒಮ್ಮೆಲೇ ಕುಸಿದಿದೆ, ಬೇಗ ಬಂದದ್ದರಿಂದ ಸ್ವಲ್ಪವಾದರೂ ವಾಪಸು ಬರಬಹುದು ಎಂದರು. ಮಾತ್ರೆ ಕೊಟ್ಟರು, ಕಿವಿಯೊಳಗೆ ಇಂಜೆಕ್ಷನ್ ಕೊಟ್ಟರು. ಬಲಗಿವಿ ಸ್ವಲ್ಪ ವಾಪಸು ಬಂತು. ಅದಕ್ಕೊಂದು ಯಂತ್ರ ಹಾಕಿಸಿದೆವು. ಹಾಕಿದ ದಿನ ಅವನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಸುತ್ತಲಿನ ಗದ್ದಲವನ್ನು ಬಹಳ ಹೊತ್ತು ಕೇಳಿದ. ಅತ್ತಿಗೆಯೂ ನಾನೂ ಎರಡೂ ಕಡೆಯಿಂದ ಮಾತಾಡಿಸಿದೆವು. ಪ್ರತಿಯೊಂದಕ್ಕೂ ಉತ್ತರ ಕೊಟ್ಟ. ನಾವು ಸಂತೋಷಪಟ್ಟೆವು. ಮನೆಗೆ ಬರುವ ಆಟೊದಲ್ಲಿ ಅವನು ಅಂದ, "ಮಾತು ಕೇಳ್ಸುತ್ತೆ. ಆದ್ರೆ ಯಾರ ಮಾತು ಅಂತ ಗೊತ್ತಾಗಲ್ಲ. ಎಲ್ರೂ ತಗಡಿನ ಡಬ್ಬದೊಳಗೆ ಕೂತು ಮಾತಾಡ್ದಂಗಿದೆ."

ಆಗ ಅವನಿಗೆ ಸಮಾಧಾನ ಹೇಳಿದೆ, ಅಭ್ಯಾಸವಾಗುತ್ತೆ ಎಂದೆ. ಮನೆಗೆ ಬಂದು ಯೋಚಿಸಿದಾಗ ಅದರ ಅರ್ಥ ಪೂರ್ತಿ ಇಳಿಯಿತು. ನಮ್ಮ ಮುಖಗಳನ್ನು ಅವನು ಕಂಡವನೇ ಅಲ್ಲ. ಅವನಿಗೆ ದನಿಯೇ ಮುಖ. ಅಪ್ಪ, ಅಮ್ಮ ತೀರಿಕೊಂಡಾಗಲೂ ಅವನು ಅತ್ತದ್ದು, ಇನ್ನು ಅವರ ದನಿ ಕೇಳುವುದಿಲ್ಲವಲ್ಲ ಎಂದು. ಈಗ ಬದುಕಿರುವ ನಾವೆಲ್ಲ ಒಂದೇ ಮುಖದವರಾಗಿಬಿಟ್ಟಿದ್ದೆವು.

ಕಂಪ್ಯೂಟರಿನ ದನಿಯಂತೂ ಆ ಯಂತ್ರದ ಮೂಲಕ ಬರೀ ಕೆಸರಾಗಿ ಕೇಳುತ್ತಿತ್ತಂತೆ. ವೇಗ ಇಳಿಸಿದರೂ ಅಷ್ಟೆ. ಅವನಂಥವರ ಸಂಘವೊಂದರಿಂದ, ಯಾರೋ ಬಳಸಿ ಬಿಟ್ಟಿದ್ದ ಒಂದು ಉದ್ದನೆಯ ಪಟ್ಟಿ ಸಿಕ್ಕಿತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಓದಬೇಕಾದ ಸಾಲು ಅದರ ಮೇಲೆ ಬ್ರೈಲ್ ಚುಕ್ಕಿಗಳಾಗಿ ಏಳುತ್ತದೆ. ಬೆರಳಿನಲ್ಲಿ ಸವರಿ ಓದಬೇಕು. ಶಾಲೆಯಲ್ಲಿ ಬ್ರೈಲ್ ಚೆನ್ನಾಗಿ ಕಲಿತಿದ್ದವನೇ. ಆದರೆ ಎಷ್ಟೋ ವರ್ಷದಿಂದ ಕಿವಿಯನ್ನೇ ನೆಚ್ಚಿದ್ದರಿಂದ ಬೆರಳು ಮೊದ್ದಾಗಿತ್ತು. ಒಂದು ಪುಟ ಓದುವಷ್ಟರಲ್ಲಿ ಬೆವರುತ್ತಿದ್ದ. "ಒಂದನೇ ಕ್ಲಾಸಿಗೆ ಮತ್ತೆ ಸೇರಿಸಿದಾರೆ ನನ್ನ" ಎಂದು ನಗುತ್ತಿದ್ದ. ನಕ್ಕು, ಪಟ್ಟಿಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದ. ನಾನೂ ಬ್ರೈಲ್ ಕಲಿಯಲು ಶುರುಮಾಡಿದೆ. ಮುಂದೆ ಅವನ ಜೊತೆ ಮಾತಾಡುವುದಕ್ಕೆ ಇದೇ ಬೇಕಾಗುತ್ತದೆ ಎಂದು ಅವನಿಗೆ ಹೇಳಲಿಲ್ಲ. ಸುಮ್ಮನೆ ಆಸೆ ಎಂದೆ. ಅವನು ನಂಬಿದಂತೆ ಮಾಡಿದ.

ಮುಂದಿನ ಸಲ ತೋರಿಸಿದಾಗ ವೈದ್ಯೆ ಮುಚ್ಚಿಡಲಿಲ್ಲ. ಉಳಿದಿರುವ ಕಿವಿಯೂ ಕ್ರಮೇಣ ಇಳಿಯುತ್ತದೆ, ಎಷ್ಟು ಕಾಲ ಎಂದು ಹೇಳಲಾಗುವುದಿಲ್ಲ ಎಂದರು. ಅಣ್ಣ ತಲೆಯಾಡಿಸಿದ. ಮನೆಗೆ ಬಂದ ಮೇಲೆ ಅತ್ತಿಗೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದರು.

ಅದಾದ ಮೇಲೆ ಅವನಿಗೆ ಒಂದು ಹೊಸ ಹಂಬಲ ಶುರುವಾಯಿತು. ಬಂಧುಗಳಿಗೆ, ಹಳೆಯ ಕೆಲಸದವರಿಗೆ ಅತ್ತಿಗೆಯಿಂದ ಫೋನ್ ಮಾಡಿಸಿ "ಬಂದು ಮಾತಾಡಿ ಹೋಗ್ಬೇಕಂತೆ" ಎಂದು ಹೇಳಿಸುತ್ತಿದ್ದ. ಪುಸ್ತಕ ಬೇಡ, ಅದಕ್ಕೆ ಬೆರಳಿದೆ, ಕಿವಿ ಇರುವ ತನಕ ಮನುಷ್ಯರನ್ನು ಕೇಳುತ್ತೇನೆ ಎನ್ನುತ್ತಿದ್ದ. ಮೊದಲ ವಾರಗಳಲ್ಲಿ ಕೆಲವರು ಬಂದರು. ಬಂದವರು ಕಿವಿಯ ಹತ್ತಿರ ಕೂಗಿ ಕುಶಲ ಕೇಳಿ, ಹಣ್ಣು ಇಟ್ಟು, ಇನ್ನೇನು ಮಾತಾಡಬೇಕೆಂದು ತಿಳಿಯದೆ ಎದ್ದುಹೋದರು. ಎರಡನೆಯ ಸಲ ಬಂದವರು ಕಮ್ಮಿ.

ಒಂದು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮಾತಾಡೇ" ಅಂದ.

"ಏನ್ ಮಾತಾಡ್ಲಿ ಅಣ್ಣ?"

"ಏನಾದ್ರೂ. ಈ ತಗಡಿನ ಸದ್ದೊಳಗೆ ನಿನ್ನ ದನಿ ಹುಡುಕ್ತಿದ್ದೀನಿ. ಸ್ವಲ್ಪ ಹೊತ್ತು ಒಂದೇ ಸಮ ಮಾತಾಡಿದ್ರೆ ಸಿಕ್ಕುತ್ತೆ ಅನ್ಸುತ್ತೆ."

ಹುಟ್ಟಿದಾಗಿನಿಂದ ಅವನ ಜೊತೆ ಮಾತಾಡಿಕೊಂಡೇ ಬಂದವಳಿಗೆ ಆಗ ಒಂದು ಮಾತೂ ಸಿಗಲಿಲ್ಲ. ಕೊನೆಗೆ, ಬರುವಾಗ ಸಿಕ್ಕ ಆಟೊದವನ ಕತೆ ಹೇಳಿದೆ. ಹೆಬ್ಬಾಳದ ಕೆರೆಯ ಪಕ್ಕ ಮತ್ತೆ ರಸ್ತೆ ಅಗೆದಿರುವುದನ್ನು ಹೇಳಿದೆ. ಹುರುಳಿಕಾಯಿಯ ಬೆಲೆ ಹೇಳಿದೆ. ಆಫೀಸಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎನ್ನುವುದನ್ನೂ ಹೇಳಿದೆ. ಗಂಟಲು ಕಟ್ಟುವ ತನಕ ಹೇಳಿದೆ. ಅವನು ಯಂತ್ರವನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು, ತಲೆ ತಗ್ಗಿಸಿ ಕೇಳುತ್ತಿದ್ದ.

"ಸಿಕ್ತಾ?" ಅಂತ ಕೇಳಿದೆ.

"ಒಂದ್ಸಲ ಸಿಕ್ತು" ಅಂದ. "ಹುರುಳಿಕಾಯಿ ಹೇಳ್ದಾಗ. ಆಮೇಲೆ ಹೋಯ್ತು. ಸಾಕು ಬಿಡು ಇವತ್ತಿಗೆ, ಕಿವಿ ದಣೀತು."

ಅತ್ತಿಗೆ ಕಾಫಿ ತಂದರು. ಅವನ ಮಣಿಕಟ್ಟನ್ನು ಮೆಲ್ಲಗೆ ಹಿಸುಕಿ ಲೋಟವನ್ನು ಕೈಗೆ ಕೊಟ್ಟರು. ಈಗ ಅದು ಅವರ ಗುರುತು. ಇಬ್ಬರೂ ಪಕ್ಕಪಕ್ಕ ಕೂತು ಕುಡಿದರು. ನಡುವೆ ಒಮ್ಮೆ ಅವನು, "ಸಕ್ಕರೆ ಕಮ್ಮಿ" ಅಂದ. ಅವರು ಎದ್ದು ಹೋಗಿ ಸಕ್ಕರೆ ಡಬ್ಬಿ ತಂದರು.

ನಾನು ಕೆಳಗಿಳಿದು ಬರುವಾಗ ಆಂಟಿ ಬಾಗಿಲಲ್ಲಿ ತಡೆದರು.

"ಹೆಂಗಿದಾರಮ್ಮಾ? ಕೇಳ್ತದಾ?"

"ಸ್ವಲ್ಪ ಸ್ವಲ್ಪ ಆಂಟಿ. ಹತ್ರ ಕೂತು ಮಾತಾಡ್ಬೇಕು."

"ನಮ್ಮ ಕನ್ನಡ ಅವರಿಗೆ ತಿಳೀತದಾ?"

"ತಿಳಿಯುತ್ತೆ ಆಂಟಿ. ಇಷ್ಟು ವರ್ಷ ಕೇಳಿದಾನಲ್ಲ."

"ಸರಿ, ನೀನು ಹೋಗಮ್ಮಾ, ಕತ್ತಲಾಗ್ತದೆ" ಅಂದರು. ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಕಂಬಿಯನ್ನು ಹಿಡಿದು, ಮಂಡಿನೋವಿನ ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತ ಮೆಟ್ಟಿಲು ಹತ್ತತೊಡಗಿದರು.